ಇನ್ನೊಮ್ಮೆ ಕೇಳ್ರಿ

ಶಿಲ್ಪಾರಾಣಿ ಮದುವೆಯಾಗಿ ಜಹೀರಾಬಾದಿಗೆ ಬಂದಾಗ ಸರಿಯಾಗಿ ಕೂತಿದ್ದ ಕುಪ್ಪಸಗಳು ಚಳಿ ಶುರುವಾಗುವ ಹೊತ್ತಿಗೆ ಸಡಿಲವಾಗಿದ್ದವು. ವಿಡಿಯೊ ಕಾಲಿನಲ್ಲಿ ಇದನ್ನು ಕಂಡ ಅವಳ ಅಪ್ಪ ಅಂಜಪ್ಪ, ಬರುವ ಆಯಿತವಾರ ತವರೂರು ಕಂಗ್ಟಿಯಿಂದ ತಾವೇ ಬಂದು ಮಗಳನ್ನು ‘ನಾಕ್ ದಿನ’ ಕರೆದೊಯ್ಯುವುದಾಗಿ ತಿಳಿಸಿದರು. ಕಂಗ್ಟಿಯ ನಾಲ್ಕು ದಿನ ಎಂಥವು ಎಂದು ಅಳಿಯ ಕ್ರಾಂತಿಕುಮಾರನಿಗೆ ಗೊತ್ತಿತ್ತು. ಅವನ ಗೆಳೆಯನ ಹೆಂಡತಿ ಹಾಗೆ ನಾಲ್ಕು ದಿನಕ್ಕೆಂದು ಅಲ್ಲಿಗೆ ಹೋದವಳು ಕೂಸನ್ನೆತ್ತಿಕೊಂಡು ಮರಳಿದ್ದಳು.

ಕ್ರಾಂತಿಗೆ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಗಾಡಿ ಸೊರಗಿದರೆ ಮೊದಲು ಡೀಸೆಲ್ ನೋಡು ಎಂಬುದು ಅವನ ವೃತ್ತಿಧರ್ಮ. ಹೆಂಡತಿಗೆ ತನ್ನ ಅವ್ವನ ಅಡುಗೆ ಸೇರುತ್ತಿಲ್ಲ ಎಂದು ತೀರ್ಮಾನಿಸಿದ. ಅವ್ವ ಈಶಮ್ಮ ಸರಕಾರಿ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಸೌಟಿನ ಬಗ್ಗೆ ಅವಳೊಡನೆ ಚರ್ಚೆ ಮಾಡಿದವರು ಯಾರೂ ಇರಲಿಲ್ಲ. ಹೀಗಾಗಿ ಅವನು ಹೆಂಡತಿಯನ್ನು ಹೆದ್ದಾರಿಯ ಪಕ್ಕದ ಹೊಸ ಹೋಟೆಲಿಗೆ ಕರೆತಂದ. ಅಲ್ಲಿ ಬಾಗಿಲು ತೆಗೆಯಲಿಕ್ಕೆಂದೇ ಒಬ್ಬ ಮನುಷ್ಯನಿದ್ದ. ಇಲ್ಲಿ ಅವಳು ಹೊಟ್ಟೆ ತುಂಬ ಉಂಡರೆ ತಪ್ಪು ಮನೆಯ ಅಡುಗೆಯದು. ಉಣ್ಣದಿದ್ದರೆ ತಪ್ಪು ಗಂಡನದು. ಕ್ರಾಂತಿ ಅಡುಗೆಯ ಮೇಲೆ ಆಸೆ ಇಟ್ಟುಕೊಂಡು ಕೂತ.

ಮೇಜಿನ ಮೇಲೆ ಬಟ್ಟೆಯ ಕರವಸ್ತ್ರ ಬಾತುಕೋಳಿಯ ಆಕಾರದಲ್ಲಿ ಮಡಚಿಕೊಂಡು ಕೂತಿತ್ತು.

“ಇದನ್ನ ಬಿಚ್ಚಬೇಕೇನ್ರಿ?”

“ಬಿಚ್ಚಬಹುದು.”

“ಪಾಪ, ಇರ್ಲಿ ಬಿಡ್ರಿ.”

ವೇಟರ್ ಬಂದ. ಎದೆಯ ಬಿಲ್ಲೆಯಲ್ಲಿ ಜೈಪಾಲ ಎಂದಿತ್ತು, ದನಿ ಮಾತ್ರ ವಿಮಾನದೊಳಗಿನ ಘೋಷಣೆಯಂತೆ ಬರುತ್ತಿತ್ತು. “ಗುಡ್ ಈವ್ನಿಂಗ್ ಸರ್, ಗುಡ್ ಈವ್ನಿಂಗ್ ಮ್ಯಾಮ್. ಸ್ಟಾರ್ಟರ್ ಮೇ ಕ್ಯಾ ಲೇಂಗೆ?” ಸ್ಟಾರ್ಟರ್ ಎಂದಾಗ ಕ್ರಾಂತಿಗೆ ಕಾರ್ಖಾನೆಯ ಬೇರೆಯೇ ಸಾಮಾನು ನೆನಪಾಯಿತು. ಸಾವರಿಸಿಕೊಂಡು ಪನೀರ್ ಹೇಳಿದ.

ಪನೀರ್ ಬಂತು. ಜೈಪಾಲ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಶಿಲ್ಪಾಳ ಕಡೆ ಬಾಗಿದ.

“ಮ್ಯಾಮ್?”

“ಬ್ಯಾಡ್ರಿ.”

“ಶ್ಯೂರ್ ಮ್ಯಾಮ್.”

ಪನೀರ್ ಅವಳ ತಟ್ಟೆಯ ಮೇಲಿಂದ ಹಾರಿ ಕ್ರಾಂತಿಯ ತಟ್ಟೆಗಿಳಿಯಿತು. ಮುಂದೆ, ಕೇಳದೆಯೇ ತಟ್ಟೆಗೆ ಬಂದಿದ್ದ ಒಂದು ನಾನ್ ಮುರಿದು ತಿಂದಳು. ಎರಡನೆಯದಕ್ಕೆ ಬ್ಯಾಡ್ರಿ. ದಾಲಿಗೆ ಬ್ಯಾಡ್ರಿ. ಬಿರಿಯಾನಿಗೂ ಬ್ಯಾಡ್ರಿ. ಪ್ರತಿ ಸಲವೂ ಚಮಚ ಬಹಳ ಗೌರವದಿಂದ ಹಿಂದೆ ಸರಿಯಿತು. ಬಿರಿಯಾನಿ ಒಳಗೆ ಹೋಗುವಾಗ ಅವಳ ಕಣ್ಣುಗಳು ಅಡುಗೆಮನೆಯ ಬಾಗಿಲತನಕ ಅದನ್ನು ಕಳಿಸಿ ಬಂದವು.

“ರುಚಿ ಇಲ್ಲೇನು?” ಕ್ರಾಂತಿ ಕೇಳಿದ.

“ಭಾಳ ಛಲೋ ಇದ್ದಂಗ ಕಾಣಸ್ತದ.”

“ಮತ್ತ ಯಾಕ ತಿನವಲ್ಲಿ?”

“ಅಂವ ಹಾಕಿದ್ರ ತಿಂತಿದ್ದೆ.”

“ಅಂವ ಕೇಳಿದ. ನೀ ಬ್ಯಾಡ ಅಂದಿ.”

“ಒಂದ್ ಸಲ ಅಂದೆ.”

ಕ್ರಾಂತಿ ನಾನ್ ಕೆಳಗಿಟ್ಟ.

“ನಮ್ಮ ಕಡಿ ಒಂದ್ ಸಲ ಕೇಳಿದ್ರ ಯಾರ್ ಹಾಕಿಸ್ಕೊಂತಾರ್ರಿ? ಉಪಾಸ ಬಿದ್ದೋರು ಹಾಕಿಸ್ಕೊಂತಾರ. ನಮ್ಮ ಸಾಯಮ್ಮತ್ತಿ ಹೆಂಗ ಬಡಸ್ತಾಳ ಗೊತ್ತೇನು?” ಶಿಲ್ಪಾ ಗಂಟಲು ದಪ್ಪ ಮಾಡಿದಳು. “‘ಯಾಕವ್ವಾ, ನನ್ ಕೈಯಾಗ ವಿಷ ಅದ ಏನು? ತಿನ್ನು, ನನ್ನಾಣಿ.’ ಹಿಂಗಂದು ರಟ್ಟಿ ಹಿಡದು ಹಾಕ್ತಾಳ. ಅದಕ್ಕ ಊಟ ಅಂತಾರ. ನಿಮ್ಮನ್ಯಾಗ?” ಈಗ ದನಿ ಗರಗಸದಂತಾಯಿತು. “‘ಬೇಕಾ? ಬ್ಯಾಡಾ? ಮುಂದ್ ನಡಿ.’”

ಅವ್ವನ ದನಿ ಎಷ್ಟು ಸರಿಯಾಗಿತ್ತೆಂದರೆ ಕ್ರಾಂತಿ ತನ್ನ ತಟ್ಟೆಯನ್ನು ಮುಂದೆ ಹಿಡಿದ. ಹಿಡಿದದ್ದು ಗೊತ್ತಾಗಿ ಕೆಳಗಿಟ್ಟ.

“ಅಂದ್ರ ಮನ್ಯಾಗೂ ದಿನಾ ಹಿಂಗೇನು?”

“ನಾ ಬ್ಯಾಡ ಅಂತೀನಿ. ಅತ್ತಿ ಮುಚ್ಚಳ ಮುಚ್ಚತಾರ.”

“ನಾ ಇರ್ತೀನಲ್ಲ.”

“ಇರ್ತೀರಿ. ಪಲ್ಯದ ಬೋಗಾಣಿ ನಿಮ್ಮ ಕಡಿ ಎಳಕೊಂತೀರಿ.”

“ಹೇಳ್ಬೇಕಿಲ್ಲೇನು?”

“ಹೊಸ ಸೊಸಿ ಬಾಯಿಬಿಟ್ಟು ರೊಟ್ಟಿ ಕೇಳಿದ್ಲು ಅಂತ ಕಂಗ್ಟಿಗೆ ಸುದ್ದಿ ಮುಟ್ಟಿದ್ರ ನಮ್ಮಪ್ಪ ಮಾರಿ ಎಲ್ಲಿ ಇಟ್ಕೋಬೇಕು?”

ಅಡುಗೆ ನಿರಪರಾಧಿ ಎಂದು ಸಾಬೀತಾಗಿತ್ತು. ಉಳಿದವನು ಒಬ್ಬನೇ. ಅವನು ಕೈ ಎತ್ತಿ ಜೈಪಾಲನನ್ನು ಕರೆದ.

“ಬಿರಿಯಾನಿ ತರ್ರಿ. ಇವರಿಗೆ.”

“ಸರ್, ಮ್ಯಾಮ್ ನೋ ಬೋಲೇ.”

“ಇನ್ನೊಮ್ಮೆ ಕೇಳ್ರಿ.”

ಜೈಪಾಲ ತಂದು ಕೇಳಿದ. ಶಿಲ್ಪಾ ಬಾತುಕೋಳಿಯನ್ನು ನೋಡುತ್ತ “ಬ್ಯಾಡ್ರಿ” ಅಂದಳು. ಚಮಚ ಹಿಂದೆ ಸರಿಯಿತು.

“ಇನ್ನೊಮ್ಮೆ.”

ಜೈಪಾಲ ಆಚೆ ನಿಂತಿದ್ದ ಮ್ಯಾನೇಜರನ ಕಡೆ ನೋಡಿದ. ಗಿರಾಕಿ ಬೇಡ ಎಂದ ಮೇಲೆ ಎರಡು ಸಲ ಕೇಳುವುದನ್ನು ಅವನಿಗೆ ತರಬೇತಿಯಲ್ಲಿ ಕಲಿಸಿರಲಿಲ್ಲ. ದನಿ ತಗ್ಗಿಸಿ ಕೇಳಿದ: “ಮೇಡಂ, ಊರ್ ಯಾವ್ದ್ರಿ?”

“ಕಂಗ್ಟಿ.”

ವಿಮಾನ ಅಲ್ಲೇ ಇಳಿಯಿತು.

“ಮದ್ಲ ಹೇಳಬೇಕಿಲ್ರಿ ಅಕ್ಕಾ. ನಂದು ಇಲ್ಲೇ ಕೊಹೀರ್. ನಮ್ಮವ್ವ ನೋಡಿದ್ರ ನನಗ ಬೈತಿದ್ಲು. ಇಷ್ಟರಾಗ ಯಾನ್ ಹೊಟ್ಟಿ ತುಂಬ್ತದ? ನೀವು ತಿನ್ನದಿದ್ರ ನಾನೂ ಇವತ್ತ ಉಣ್ಣಂಗಿಲ್ಲ.”

“ಸಾಕು, ಸಾಕ್ರಿ, ಅಯ್ಯ, ಭಾಳ ಆತು,” ಎನ್ನುತ್ತ ಶಿಲ್ಪಾ ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದಳು. ನಡುವೆ ಚಮಚ ಹೋಗುವಷ್ಟು ಜಾಗವಿತ್ತು. ಜೈಪಾಲ ಅದರೊಳಗಿಂದ ಬಡಿಸಿದ. ಆಮೇಲೆ ದಾಲನ್ನೂ, ಕೇಳದೆ ಇನ್ನೊಂದು ನಾನನ್ನೂ ಹಾಕಿ, ಮ್ಯಾನೇಜರನ ಕಡೆ ತಿರುಗುವಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಮತ್ತೆ ಆಕಾಶಕ್ಕೇರಿದ.

ಶಿಲ್ಪಾ ಉಂಡಳು. ತಲೆ ಎತ್ತದೆ, ಬಂದ ಕೆಲಸ ಇದೊಂದೇ ಎನ್ನುವಂತೆ ಉಂಡಳು. ಮಾವ ಬಂದಾಗ ಏನು ಹೇಳಬೇಕು, ಅವ್ವನಿಗೆ ಇವತ್ತೇ ಏನು ಹೇಳಬೇಕು ಎಂದು ಕ್ರಾಂತಿ ಯೋಚಿಸುತ್ತ ಕೂತ. ಯೋಚನೆ ಎಲ್ಲಿಂದೆಲ್ಲಿಗೋ ಹೋಗಿ ಒಂದು ಕಡೆ ಸಿಕ್ಕಿಕೊಂಡಿತು. ಕೇಳದೆ ಇರಲು ನೋಡಿದ. ಆಗಲಿಲ್ಲ.

“ಅಲ್ಲ, ಹೆಣ್ಣು ನೋಡಾಕ ಬಂದಾಗ ನಮ್ಮವ್ವ ಕೇಳಿದ್ಲಲ್ಲ, ಹುಡುಗ ಒಪ್ಪಿಗಿ ಏನವ್ವಾ ಅಂತ.”

“ಹೂಂ.”

“ನೀ ಅವಾಗ ಒಂದೇ ಸಲಕ್ಕ ಹೂಂ ಅಂದಿ.”

ಶಿಲ್ಪಾ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದಳು.

“ನಿಮ್ಮವ್ವ ಎರಡನೇ ಸಲ ಕೇಳಂಗ ಕಾಣ್ಲಿಲ್ರಿ.”