ಎರೆಹುಳುವಿನ ಸಿಂಹಾಸನ

ನೆಲಕ್ಕೂ ಮಾತು ಬರುತ್ತಿದ್ದ ಕಾಲವದು. ಆಗ ಮಣ್ಣಿನ ಕೆಳಗೊಬ್ಬ ರಾಜನಿದ್ದ. ಕಣ್ಣಿಲ್ಲ, ಕಿವಿಯಿಲ್ಲ, ಕೈಕಾಲಿಲ್ಲ. ಮೈತುಂಬ ಬರೀ ಅಂಟು. ಹಗಲಿರುಳು ಮಣ್ಣು ಹದ ಮಾಡಿಕೊಡುವವನು ಅವನೇ, ಆದರೂ ಕಂಡವರೆಲ್ಲ ಛೀ ಎಂದು ಕಾಲೆತ್ತಿಕೊಂಡು ಓಡುವವರೇ. ಪಾಪ, ರಾಜನಿಗಿದ್ದದ್ದು ಒಂದೇ ಆಸೆ. ಯಾರಾದರೂ ತಮ್ಮ ಅಂಗೈಯನ್ನೇ ಸಿಂಹಾಸನ ಮಾಡಿ, ಒಂದು ಹಾಡು ಮುಗಿಯುವಷ್ಟು ಹೊತ್ತು ಅವನನ್ನು ಕೂರಿಸಿಕೊಳ್ಳಬೇಕು.

ಕಥೆ ಇಲ್ಲಿಗೆ ಬರುವಷ್ಟರಲ್ಲಿ ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ಹೀಗಾಗಿ ಮುಂದೇನಾಯಿತೆಂಬುದು ಮೊಮ್ಮಗಳಿಗೆ ತಿಳಿಯಲೇ ಇಲ್ಲ. ಆ ಮೊಮ್ಮಗಳು ಬೆಳೆದು ಚಿಕ್ಕಿಯಾದಳು. ಅಂದರೆ ಅಕ್ಕನ ಮಗಳು ಬಟಾಣಿಗೆ ಚಿಕ್ಕಮ್ಮ. ಅರ್ಧ ಗೊತ್ತಿದ್ದ ಕಥೆಯನ್ನು ಒಂದು ದಿನ ಬಟಾಣಿಗೆ ಹೇಳಿ ಸಿಕ್ಕಿಹಾಕಿಕೊಂಡಳು.

"ಆಮೇಲೆ ಯಾರು ಕೂರಿಸ್ಕೊಂಡ್ರು?"

"ಯಾರೂ ಇಲ್ಲ ಕಣೇ ಬಂಗಾರಿ."

"ಹಾಗಾದ್ರೆ ನೀನು ಕೂರಿಸ್ಕೋ. ನನ್ನ ಬರ್ತ್‌ಡೇ ದಿನ. ಎಲ್ಲಾರೂ ಹಾಡು ಹೇಳ್ತಾರಲ್ಲ, ಅದು ಮುಗಿಯೋ ತನಕ."

ಚಿಕ್ಕಿ ಆಗ ಕಿಟಕಿಯಾಚೆ ಮೋಡ ನೋಡುತ್ತಿದ್ದಳು. ಮೋಡದಲ್ಲೊಂದು ಒಂಟೆ ಕಂಡಿತ್ತು. "ಆಯ್ತು ಬಿಡು" ಅಂದುಬಿಟ್ಟಳು.

ಹೇಸಿಗೆಯ ವಿಷಯದಲ್ಲಿ ಚಿಕ್ಕಿಯನ್ನು ಮೀರಿಸುವವರಿರಲಿಲ್ಲ. ಅವಳಿಗೆ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜಿನ ಮೇಲೆ ಒಬ್ಬರ ಬೆರಳ ಗುರುತೂ ಉಳಿಯದಂತೆ ದಿನವಿಡೀ ಒರೆಸುವುದು. ಪಾತ್ರೆ ತೊಳೆಯುವಾಗ ಕೈಗೆ ನೆನೆದ ಅನ್ನದಗುಳು ತಗುಲಿದರೂ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಅಂಥವಳು ಎರೆಹುಳುವಿಗೆ ಅಂಗೈ ಕೊಡುತ್ತೇನೆಂದಿದ್ದಳು! ಬಟಾಣಿಯೋ, ಬೀದಿಯ ಮಕ್ಕಳಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು.

ಅಕ್ಕ ಅದಕ್ಕೆ ಇನ್ನಷ್ಟು ಉಪ್ಪುಖಾರ ಹಚ್ಚಿದಳು. ಪಾರ್ಟಿಗೆ 'ಮಣ್ಣಿನಡಿಯ ಅರಮನೆ' ಅಂತ ಹೆಸರಿಟ್ಟಳು. ಹಾಲ್‌ನ ಗೋಡೆಗೆಲ್ಲ ಕಂದು ಕಾಗದ ಅಂಟಿಸಿದಳು. ಸೂರಿನಿಂದ ಬೇರುಗಳೆಂದು ಹಗ್ಗ ಇಳಿಬಿಟ್ಟಳು. ಒಳಗೆ ಬಂದವರ ಕತ್ತನ್ನು ಅವು ಸವರಿ, ಎಲ್ಲರೂ ಒಮ್ಮೆ ಬೆಚ್ಚಿಬೀಳುತ್ತಿದ್ದರು. ಕೇಕ್ ಮೇಲೆ ಚಾಕೊಲೇಟ್ ಬಿಸ್ಕತ್ತಿನ ಪುಡಿ. ಅದು ಕ್ರೀಮಿನ ಪಸೆ ಹೀರಿಕೊಂಡು, ಚಪ್ಪಲಿಯಡಿಯಿಂದ ಕೆರೆದು ತೆಗೆದ ಕೆಸರಿನ ಹಾಗೆ ಮಿರಮಿರ ಮಿನುಗುತ್ತಿತ್ತು.

ಹುಳು ಮಾಡುವ ಕೆಲಸ ಚಿಕ್ಕಿಯ ಪಾಲಿಗೆ ಬಂತು. ಕೆಂಪು ಜೆಲ್ಲಿಯನ್ನು ಸ್ಟ್ರಾಗಳೊಳಗೆ ಗಟ್ಟಿಯಾಗಿಸಿ, ಒಂದೊಂದರ ಮೇಲೂ ಲಟ್ಟಣಿಗೆ ಉರುಳಿಸಬೇಕು. ಮೊದಲು ತುದಿಯಲ್ಲೊಂದು ಗುಳ್ಳೆ, ಆಮೇಲೆ 'ಪುಳಕ್' ಅಂತ ಹುಳು. ಮೈಮೇಲೆ ಸ್ಟ್ರಾದ ಗೀರುಗಳೂ ಸಾಚಾ ಹುಳುವಿನ ಹಾಗೇ! ಪ್ರತಿ 'ಪುಳಕ್'ಗೂ ಚಿಕ್ಕಿ ಮುಖ ಆಚೆ ತಿರುಗಿಸಿದಳು.

"ಮುಖ ಯಾಕೆ ಹಾಗೆ ಸಿಂಡರಿಸ್ತೀಯೇ? ಎಷ್ಟು ಮುದ್ದಾಗಿವೆ!" ಅಂದಳು ಅಕ್ಕ.

"ನೀನೇ ಒಂದು ತಿಂದು ತೋರಿಸು."

"ನಂಗೆ ಆಮೇಲೆ."

ಮಕ್ಕಳು ಬಂದರು. ಬಂದದ್ದೇ ಬಿಸ್ಕತ್ತಿನ ಪುಡಿಯಲ್ಲಿ ಹೊರಳಿಸಿಟ್ಟಿದ್ದ ಹುಳುಗಳ ಮೇಲೆ ಮುಗಿಬಿದ್ದರು. ಒಬ್ಬ ಹುಳುವಿನ ತಲೆ ಕಚ್ಚಿ ಉಳಿದದ್ದನ್ನು ತಟ್ಟೆಗೇ ಹಾಕಿದ. ಒಬ್ಬಳು ಅದನ್ನು ಮೂಗಿಗೆ ತೂಗಿಬಿಟ್ಟುಕೊಂಡು ಕುಣಿದಳು. ಅಸಲಿ ಸಿಂಬಳ ಯಾವುದು, ಜೆಲ್ಲಿ ಯಾವುದು ಹೇಳಲಾಗುತ್ತಿರಲಿಲ್ಲ. ಸೆಕೆಗೆ ಕರಗಿದ ಜೆಲ್ಲಿ ಕುರ್ಚಿಗಳಿಗೆ, ಪರದೆಗೆ, ಕೊನೆಗೆ ಚಿಕ್ಕಿಯ ಜಡೆಗೂ ಅಂಟಿತು. ಎದುರುಮನೆಯಾಕೆಯ ಮಗ ತಿಂದದ್ದನ್ನೆಲ್ಲ ಚಾಪೆಯ ಮೇಲೆ ಕಕ್ಕಿದ. ಕಂದು ಕೆಸರು, ನಡುವೆ ಕೆಂಪು ಹುಳು.

"ಅಯ್ಯೋ, ಥೀಮಿಗೆ ಸರಿಯಾಗೇ ಇದೆ ಬಿಡಿ" ಎನ್ನುತ್ತ ಆಕೆ ಫೋನಿನಲ್ಲಿ ಫೋಟೋ ತೆಗೆದಳು.

ಚಿಕ್ಕಿ ಮೂಗಿಗೆ ಸೆರಗು ಒತ್ತಿಕೊಂಡು ಒರೆಸಿದಳು. ಓಕರಿಕೆ ಗಂಟಲಿಗೆ ಬಂದು ವಾಪಸು ಹೋಯಿತು. ಇನ್ನು ಬಾಕಿ ಉಳಿದದ್ದು ರಾಜ ಮಾತ್ರ.

"ಚಿಕ್ಕೀ, ಟೈಮಾಯ್ತು. ರಾಜನ್ನ ಕರೀಲಾ?" ಬಟಾಣಿ ಕಾಗದದ ಕಿರೀಟ ಸರಿಮಾಡಿಕೊಂಡು ಬಂದಳು. ಬೆಳಗ್ಗೆಯೇ ಹೂಕುಂಡ ಕೆದಕಿ, ಉದ್ದನೆಯ ಎರೆಹುಳುವೊಂದನ್ನು ಹಸಿಮಣ್ಣಿನ ಸಮೇತ ಮುಚ್ಚಳದ ಡಬ್ಬಿಗೆ ಹಾಕಿ, ಅಡುಗೆಕಟ್ಟೆಯ ಮೂಲೆಯಲ್ಲಿಟ್ಟಿದ್ದಳು.

ನೋಡಿದರೆ ಮೂಲೆ ಖಾಲಿ.

ಭಾವನದು ಫ್ರಿಜ್ ರಿಪೇರಿ ಕೆಲಸ. ಜಗತ್ತಿನಲ್ಲಿ ಕೆಡುವಂಥದ್ದನ್ನೆಲ್ಲ ಫ್ರಿಜ್ಜೇ ಕಾಪಾಡುತ್ತದೆಂದು ನಂಬಿದ ಮನುಷ್ಯ. ಟಾರ್ಚಿನ ಸೆಲ್ಲು, ಮೇಣದಬತ್ತಿ, ಅಕ್ಕನ ಲಿಪ್‌ಸ್ಟಿಕ್ಕು, ಎಲ್ಲವೂ ಅದರೊಳಗೇ.

"ಕೇಕಿನ ಪುಡಿ ಮಿಕ್ಕಿದೆ ಅಂದ್ಕೊಂಡೆ ಕಣಮ್ಮ" ಎಂದು ತಲೆ ಕೆರೆದುಕೊಂಡರು. "ಬೆಳಗ್ಗೇನೇ ಒಳಗಿಟ್ಟೆ. ಅದೂ ಒಳ್ಳೇ ತಣ್ಣಗಿರೋ ಖಾನೆಗೆ."

ಮೊಸರಿನ ಪಾತ್ರೆಯ ಪಕ್ಕದಿಂದ ಡಬ್ಬಿ ಹೊರಗೆ ಬಂತು. ತಣ್ಣನೆಯ ಮಣ್ಣಿನ ಮೇಲೆ ರಾಜ ಮುದುಡಿ ಬಿದ್ದಿದ್ದ. ಬಣ್ಣಗೆಟ್ಟ ರಬ್ಬರಿನ ತುಂಡಿನಂತೆ. ಬಟಾಣಿ ಡಬ್ಬಿ ಅಲ್ಲಾಡಿಸಿದಳು. ಅವನು ಮಣ್ಣಿನ ಜೊತೆ ಸುಮ್ಮನೆ ಉರುಳಿದ.

ಸತ್ತಿದೆ! ಚಿಕ್ಕಿಗೆ ಥಟ್ಟನೆ ಹಗುರವಾಯಿತು. ಸತ್ತ ಮೇಲೆ ಯಾವ ಮಾತು, ಯಾವ ಸಿಂಹಾಸನ? ಅಬ್ಬ, ಬಚಾವಾದೆ ಎಂದುಕೊಳ್ಳುತ್ತ ತಲೆಯೆತ್ತಿದರೆ, ಅಳು ತಡೆಯಲಾಗದೆ ಬಟಾಣಿಯ ಗಲ್ಲ ಅದುರುತ್ತಿತ್ತು. ಬೆಳಗಿನಿಂದ ಕಂಡ ಅಷ್ಟೂ ಅಸಹ್ಯಗಳಲ್ಲಿ ಈ ತನ್ನ ಖುಷಿಯೇ ಎಲ್ಲಕ್ಕಿಂತ ಹೊಲಸು ಅನ್ನಿಸಿತು ಚಿಕ್ಕಿಗೆ.

"ಸತ್ತಿಲ್ಲ ಪುಟ್ಟಾ, ಮರಗಟ್ಟಿದೆ ಅಷ್ಟೇ" ಅಂದರು ಭಾವ. "ಮೆಲ್ಲಗೆ ಬೆಚ್ಚಗಾದ್ರೆ ಏಳಬಹುದು."

"ಇನ್ನೇನು, ಒಲೆ ಮೇಲಿಡ್ತೀರಾ?" ಅಕ್ಕ ರೇಗಿದಳು. "ಥೂ, ಮೊಸರಿನ ಪಕ್ಕ! ಮೊದಲು ಅದನ್ನ ಹೊರಗೆ ಬಿಸಾಕಿ."

"ಚಿಕ್ಕಿ ಕೈ ಬೆಚ್ಚಗಿರುತ್ತೆ" ಅಂದಳು ಬಟಾಣಿ, ಬಲು ಸಣ್ಣ ದನಿಯಲ್ಲಿ.

ಹಾಲ್‌ನಲ್ಲಿದ್ದ ಮಕ್ಕಳು ಅಡುಗೆಮನೆಗೆ ಬಂದು ಮುತ್ತಿದರು. ಜೆಲ್ಲಿ ಮೆತ್ತಿದ ಮುಖಗಳೆಲ್ಲ ಚಿಕ್ಕಿಯತ್ತ ತಿರುಗಿದವು. ಅವಳು ಕಣ್ಣು ಮುಚ್ಚಿ ಕೈ ಚಾಚಿದಳು.

ಅಯ್ಯಪ್ಪಾ! ತಣ್ಣಗೆ, ಲೋಳೆಲೋಳೆಯಾಗಿ, ಯಾರದೋ ಬಾಯಿಂದ ಜಾರಿದ ನಾಲಿಗೆಯಂತೆ ಅದು ಅಂಗೈ ಮಧ್ಯೆ ಬಿತ್ತು. ಮೊಣಕೈವರೆಗೆ ರೋಮ ನಿಮಿರಿತು.

"ಹಾಡ್ರೋ! ಬೇಗ ಹಾಡ್ರೋ!" ಚಿಕ್ಕಿ ಕೂಗಿದಳು.

"ಬೇಗ ಅಲ್ಲ" ಎಂದು ಬಟಾಣಿ ಅಪ್ಪಣೆ ಮಾಡಿದಳು. "ನಿಧಾನಕ್ಕೆ. ರಾಜ ಮಲಗಿದಾನೆ."

ಹಾಡು ಎಳೆದೆಳೆದು ಶುರುವಾಯಿತು. ಮೊದಲ ಸಾಲಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಅಂಗೈಯಲ್ಲೇನೋ ನವಿರಾಗಿ ಬಿಗಿದುಕೊಂಡಿತು. ಆಮೇಲೆ ಒಂದು ತುದಿ ಎದ್ದು, ಕುರುಡು ಬೆರಳಿನ ಹಾಗೆ ತಡಕಾಡಿ, ಚಿಕ್ಕಿಯ ಹೆಬ್ಬೆರಳ ಸಂದಿಗೆ ಮೂತಿ ತೂರಿಸಿತು.

"ಎದ್ದಾ! ರಾಜ ಎದ್ದಾ!" ಮಕ್ಕಳು ಕಿರುಚಿದರು. ಬಟಾಣಿ ಮಾತ್ರ ಕಿರುಚಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಹಾಡು ನಿಲ್ಲಿಸದಂತೆ ತಲೆ ಆಡಿಸುತ್ತಿದ್ದಳು.

ರಾಜ ಬೆರಳ ಸಂದಿಯಲ್ಲಿ ನುಲಿಯುತ್ತಿದ್ದ. ಮುದ್ದಾಗೇನೂ ಕಾಣಲಿಲ್ಲ. ಮೈ ಬೆಚ್ಚಗಾದ ಸಂತೋಷಕ್ಕೋ ಏನೋ, ಅಂಗೈ ಮೇಲೆ ಚೂರು ಕಪ್ಪು ಮಣ್ಣನ್ನೂ ವಿಸರ್ಜಿಸಿದ. ಚಿಕ್ಕಿಯ ಗಂಟಲು ಒಮ್ಮೆ 'ಉವ್ವ' ಅಂದಿತು. ಕೈ ಕೊಡವಬೇಕೆಂದು ತೋಳಿನ ನರವೆಲ್ಲ ಹಟ ಹಿಡಿಯಿತು. ಅವಳು ಇನ್ನೊಂದು ಕೈಯಿಂದ ಆ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು, ಮೂಗು ಮುದುಡಿ, ಹಲ್ಲು ಕಚ್ಚಿ ನಿಂತಳು.

ಮಕ್ಕಳು ಕೊನೆಯ ಸಾಲನ್ನು ಉಸಿರು ಮುಗಿಯುವ ತನಕ ಎಳೆದರು. ಹಾಡು ಮುಗಿಯಿತು. ಸಿಂಹಾಸನ ಅಲುಗಿರಲಿಲ್ಲ.