ಹೆಸ್ಟರಳ ಮೂರು ಬಡಿತ

ಹೆಸ್ಟರ್ ಹುಟ್ಟಿದ್ದು ನಮ್ಮ ಹೆರಾನ್ ಇನ್ ಎಂಬ ವಸತಿಗೃಹದ ಅಡುಗೆಮನೆಯಲ್ಲಿ, ಮುದುಕ ಪ್ರೋಬರ್ಟನ ಬಾಯಿಂದ. ಆಗ ವಸತಿಗೃಹದ ಯಜಮಾನ ಅವನೇ, ಮತ್ತು ಅವನಿಗೆ ಐದನೇ ಕೋಣೆಯದೇ ದೊಡ್ಡ ತಲೆನೋವು. ನೆಲ ಒಂದು ಕಡೆಗೆ ವಾಲಿದ, ಬೇಸಿಗೆಯಲ್ಲೂ ಹಾಸಿಗೆ ತಣ್ಣಗಿರುವ ಕೋಣೆ ಅದು. ಒಂದು ರಾತ್ರಿ ಮಲಗಿದವರು ಮರುದಿನ ಬೇರೆ ಕೋಣೆ ಕೇಳುತ್ತಿದ್ದರು. ಒಂದು ಮಧ್ಯಾಹ್ನ ಆಲೂಗಡ್ಡೆ ಸುಲಿಯುತ್ತ ಕುಳಿತಿದ್ದ ಮುದುಕ, ಕುದುರೆಗಾಡಿಗಳ ಕಾಲದ ಹೆಸ್ಟರ್ ಎಂಬ ಕೆಲಸದವಳ ಕತೆ ಹೊಸೆದ. ಗಾಡಿ ಹೊಡೆಯುವವನೊಬ್ಬ ಅವಳಿಗೆ ಕೈಕೊಟ್ಟನಂತೆ. ಅವಳು ಐದನೇ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಸತ್ತಳಂತೆ. ಯಾರಾದರೂ ಬರಲಿ ಎಂದು ಈಗಲೂ ನೆಲ ಬಡಿಯುತ್ತಾಳಂತೆ. ನನಗೆ ಆಗ ಹತ್ತೊಂಬತ್ತು, ಕೋಣೆ ಗುಡಿಸಲು ಸೇರಿ ಎರಡು ತಿಂಗಳಾಗಿತ್ತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಮರುವರ್ಷದಿಂದ ಐದನೇ ಕೋಣೆ ಖಾಲಿ ಬಿದ್ದದ್ದೇ ಇಲ್ಲ.

ಬಡಿಯುತ್ತಿದ್ದವರು ನಾವು. ಐದನೇ ಕೋಣೆಗೆ ತಾಗಿಕೊಂಡು ದುಪ್ಪಟಿ, ಟವೆಲ್ ಇಡುವ ಒಂದು ಗೂಡಿನಂಥ ಕೋಣೆಯಿದೆ. ಅದರ ನೆಲದ ಹಲಗೆಯನ್ನು ಪೊರಕೆಯ ಹಿಡಿಯಿಂದ ಮೂರು ಸಲ ಕುಟ್ಟಿದರೆ ಕೆಳಗೆ ಊಟದ ಹಾಲ್‌ನ ತೊಲೆ ಗುಂಯ್ ಎನ್ನುತ್ತದೆ. ಕೂಡಲೇ ಊರವರು, ತಂಗಲು ಬಂದವರು ಎಲ್ಲ ಲೋಟ ಎತ್ತಿ, "ನಿನ್ನ ಹೆಸರಲ್ಲಿ, ಹೆಸ್ಟರ್!" ಎಂದು ಕೂಗಿ ಒಂದು ಗುಟುಕು ಕುಡಿಯಬೇಕು. ಇದು ನಮ್ಮಲ್ಲಿಯ ಪದ್ಧತಿ. ಇನ್ನೊಂದು ಕಟ್ಟಳೆಯೂ ಇತ್ತು: ಸದ್ದು ಕೇಳಿದಾಗ ಯಾರೂ ಮಹಡಿ ಹತ್ತಬಾರದು, ಹತ್ತಿದವರನ್ನು ಅವಳು ಬಿಡುವುದಿಲ್ಲ. ಇದನ್ನು ಮುದುಕ ಸೇರಿಸಿದ್ದು ಬೇರೇನಕ್ಕೂ ಅಲ್ಲ, ಪೊರಕೆ ಹಿಡಿದು ನಿಂತಾಗ ಸಿಕ್ಕಿಬೀಳಬಾರದು ಎಂದು.

ಮುದುಕ ಸತ್ತ ಮೇಲೆ ವಸತಿಗೃಹ ಅವನ ಮಗ ಕ್ಲೈವನ ಕೈಗೆ ಬಂತು. ಬಡಿಯುವ ಕೆಲಸ ನಮ್ಮಿಬ್ಬರಿಗೆ ಬಂತು. ಇಂಥ ದಿನ, ಇಂಥವರು ಎಂದು ಮಾತೇನೂ ಇರಲಿಲ್ಲ. ಜನ ತುಂಬಿದ್ದಾಗ ಯಾರಿಗೆ ಕೈ ಬಿಡುವಾದರೆ ಅವರು ಮೇಲೆ ಹೋಗಿ ಕುಟ್ಟಿ ಬರುವುದು.

ಲೆನರ್ಡ್ ಹಿಗಿನ್ಸನ್ ಸ್ಟಾಕ್‌ಪೋರ್ಟಿನಲ್ಲಿ ಬಸ್ ಓಡಿಸಿ ನಿವೃತ್ತನಾದವನು. ಅವನೂ ಅವನ ಹೆಂಡತಿ ಮ್ಯೂರಿಯಲ್‌ಳೂ ಪ್ರತಿ ಮಾರ್ಚಿನಲ್ಲಿ, ಮದುವೆಯಾದ ದಿನಕ್ಕೆ ಸರಿಯಾಗಿ, ಬಂದು ಐದನೇ ಕೋಣೆಯಲ್ಲೇ ತಂಗುತ್ತಿದ್ದರು. ಒಂಬತ್ತು ವರ್ಷ ಬಂದರು. ಅವರ ಗ್ರಹಚಾರವೋ ನಮ್ಮ ಸೋಮಾರಿತನವೋ, ಒಮ್ಮೆಯೂ ಅವರು ಊಟಕ್ಕೆ ಕುಳಿತಾಗ ನಾವು ಬಡಿದಿರಲಿಲ್ಲ.

"ಗ್ಲೆನಿಸ್, ನಿಮ್ಮ ಹೆಸ್ಟರ್‌ಗೆ ಬಸ್ ಡ್ರೈವರ್ ಅಂದ್ರೆ ಆಗಲ್ವೇನ್ರೀ?" ಎಂದು ಅವನು ನನ್ನನ್ನು ಕೆಣಕುತ್ತಿದ್ದ.

"ಗಾಡಿ ಹೊಡೆಯೋರನ್ನ ಕಂಡ್ರೆ ಅವಳಿಗೆ ಮೊದಲಿಂದ್ಲೂ ಉರಿ," ಎನ್ನುತ್ತಿದ್ದೆ.

ಮ್ಯೂರಿಯಲ್ ನಗುತ್ತಿದ್ದಳು. ಸೊಂಟದ ಆಪರೇಶನ್ ಆದಮೇಲೆ ಅವಳು ಕೈಕೋಲು ಹಿಡಿದಿದ್ದಳು. ಹೋಗುವಾಗ ಹಾಸಿಗೆಯನ್ನು ತಾನೇ ಹಾಸಿಟ್ಟು ಹೋಗುವಂಥ ಹೆಂಗಸು. ಮೂವತ್ತು ವರ್ಷದ ನನ್ನ ಕೆಲಸದಲ್ಲಿ ಹಾಗೆ ಮಾಡಿದ ಇನ್ನೊಬ್ಬರು ನೆನಪಿಗೆ ಬರುವುದಿಲ್ಲ.

ಹತ್ತನೇ ವರ್ಷ ಬಂದಾಗ ಭಾನುವಾರ ಮಧ್ಯಾಹ್ನ ಲೆನರ್ಡ್ ಒಬ್ಬನೇ ಊಟಕ್ಕೆ ಇಳಿದ.

"ಅವಳಿಗೆ ತಲೆನೋವು. ಅರ್ಧ ಗಂಟೆ ಮಲಗ್ತೀನಿ, ನೀವು ಶುರು ಮಾಡಿ ಅಂದ್ಲು," ಎಂದ. "ಅವಳ ಪಾಲಿನ ಪುಡ್ಡಿಂಗ್ ಎತ್ತಿಡಿ. ಇಲ್ಲಾಂದ್ರೆ ನನ್ನ ಕತೆ ಮುಗೀತು."

ಊಟದ ಹಾಲ್ ಭರ್ತಿಯಾಗಿತ್ತು. ಎರಡೂ ಕೈಯಲ್ಲಿ ಬೀಫ್ ರೋಸ್ಟಿನ ತಟ್ಟೆ ಹಿಡಿದು ನಾನು ಲೆನರ್ಡನ ಮೇಜಿನ ಹತ್ತಿರ ಇದ್ದಾಗ ಮೇಲೆ ಸದ್ದಾಯಿತು. ಕೌಂಟರಿನ ಕಡೆ ನೋಡಿದೆ. ಕ್ಲೈವ್ ಇರಲಿಲ್ಲ. ಸದ್ಯ, ಈ ಪುಣ್ಯಾತ್ಮನಿಗೆ ಇವತ್ತಾದರೂ ನೆನಪಾಯಿತಲ್ಲ ಎಂದುಕೊಂಡೆ. ಲೆನರ್ಡ್ ಧಡಕ್ಕನೆ ಎದ್ದು ನಿಂತ. ಅವನ ಮುಖ ಮಗುವಿನ ಮುಖದಂತೆ ಅರಳಿತ್ತು.

"ನಿನ್ನ ಹೆಸರಲ್ಲಿ, ಹೆಸ್ಟರ್!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅವನೇ ಕೂಗಿದ. ಆಮೇಲೆ ನನಗೆ, "ಮ್ಯೂರಿಯಲ್‌ಗೂ ಕೇಳಿಸಿರ್ಬೇಕು ಅಲ್ವಾ? ಓಡಿಹೋಗಿ ಕೇಳ್ಲಾ?" ಎಂದ.

"ಸದ್ದಾದಾಗ ಮೇಲೆ ಹೋಗೋ ಹಾಗಿಲ್ಲ, ಗೊತ್ತಲ್ಲ? ಕೂತ್ಕೊಳ್ಳಿ, ಗ್ರೇವಿ ಆರುತ್ತೆ," ಎಂದೆ.

ಹಾಗೆಂದವಳು ನಾನು. ನನ್ನ ಬಾಯಿಂದಲೇ ಬಂದ ಮಾತು. ಅವನು ಕುಳಿತ. ನಾನು ಅಡುಗೆಮನೆಗೆ ಹೋದೆ. ಅಲ್ಲಿಯ ಫ್ಯಾನಿನ ಆರ್ಭಟದಲ್ಲಿ ಮತ್ತೇನೂ ಕೇಳಲಿಲ್ಲ. ಹಾಲ್‌ನಲ್ಲಿ ಎರಡನೇ ಸಲ ಜನ ಕೂಗಿದ್ದು ಮಾತ್ರ ಕೇಳಿತು. ಯಾರೋ ಕುಡಿದು ಕುಣಿಯುತ್ತಿದ್ದಾರೆ ಎಂದುಕೊಂಡೆ.

ಮಲಗಿದವಳನ್ನು ಎಬ್ಬಿಸುವುದು ಬೇಡವೆಂದು ಲೆನರ್ಡ್ ಕೆಳಗೇ ಕುಳಿತಿದ್ದ. ಮೂರು ಗಂಟೆಯ ಹತ್ತಿರ, ಎತ್ತಿಟ್ಟ ಪುಡ್ಡಿಂಗ್ ತಟ್ಟೆ ಹಿಡಿದು ನಾನೇ ಐದನೇ ಕೋಣೆಗೆ ಹೋದೆ. ಮ್ಯೂರಿಯಲ್ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಉಸಿರಿತ್ತು, ಕಣ್ಣು ತೆರೆದಿತ್ತು, ಬಲಗೈಯಲ್ಲಿ ಕೈಕೋಲು ಬಿಗಿಯಾಗಿತ್ತು. ಕೋಲಿನ ತುದಿ ಬಡಿದ ಜಾಗದಲ್ಲಿ ಹಲಗೆಯ ಬಣ್ಣ ಎದ್ದುಹೋಗಿತ್ತು.

ಹಿಂದೆ ಮೆಟ್ಟಿಲ ಮೇಲೆ ಲೆನರ್ಡನ ಹೆಜ್ಜೆ ಕೇಳಿಸಿತು. ಆ ಕ್ಷಣದಲ್ಲಿ ನಾನು ಮಾಡಿದ ಕೆಲಸವನ್ನು ಇಲ್ಲಿ ಹೇಳದಿದ್ದರೆ ಈ ಕತೆ ಹೇಳಿ ಏನೂ ಪ್ರಯೋಜನವಿಲ್ಲ. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೋಲು ಕಿತ್ತು, ಕುರ್ಚಿಗೆ ಒರಗಿಸಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ, ಆಂಬುಲೆನ್ಸ್ ಕರೆಯಿರಿ ಎಂದು ಕಿರುಚಿದೆ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ಮೆದುಳಿನಲ್ಲಿ ರಕ್ತ ಕಟ್ಟಿತ್ತಂತೆ. ಎರಡು ಗಂಟೆ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ.

"ನೀನಲ್ವಾ ಬಡಿದದ್ದು?" ಎಂದು ಕ್ಲೈವ್ ನನ್ನನ್ನು ಕೇಳಿದ. ಅವನ ಮುಖ ಬಿಳಿಚಿಕೊಂಡಿತ್ತು. "ನಾನು ನೆಲಮಾಳಿಗೇಲಿ ಬೀರ್ ಪೀಪಾಯಿ ಬದಲಾಯಿಸ್ತಿದ್ದೆ. ನೀನೇ ಅಂದ್ಕೊಂಡೆ."

"ನನ್ನ ಎರಡೂ ಕೈಲಿ ತಟ್ಟೆ ಇತ್ತು ಮಾರಾಯ. ನಾನು ನೀನೇ ಅಂದ್ಕೊಂಡೆ."

ಅವನು ಪಕ್ಕದ ಕುರ್ಚಿಗೆ ಕುಸಿದ. "ಯಾರಿಗೂ ಹೇಳ್ಬೇಡ," ಎಂದ. ಹೇಳಲಿಲ್ಲ. ವಸತಿಗೃಹ ಮುಚ್ಚಿದರೆ ಈ ವಯಸ್ಸಿನಲ್ಲಿ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಯೋಚಿಸಿದೆ. ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ಅದನ್ನೇ.

ಊರವರು ತಾವೇ ಒಂದು ಸಮಾಧಾನ ಹುಡುಕಿ ಲೆನರ್ಡನಿಗೆ ಕೊಟ್ಟರು. ಹೆಸ್ಟರ್ ಬಂದು ಮ್ಯೂರಿಯಲ್‌ಳನ್ನು ಕರೆದೊಯ್ದಳು, ಹೋಗುವಾಗ ಒಬ್ಬಂಟಿಯಾಗಿರಲಿಲ್ಲ ಎಂದರು. ಅವನು ತಲೆಯಾಡಿಸಿದ. ಹೆಂಡತಿಯ ಕೋಟನ್ನು ತೋಳಿಗೆ ಹಾಕಿಕೊಂಡು ಬಸ್ಸಿಗೆ ಹೋದ.

ಅವನು ಮತ್ತೆ ಬರಲಾರ ಎಂದುಕೊಂಡಿದ್ದೆ. ಮರುವರ್ಷ ಮಾರ್ಚಿನಲ್ಲಿ ಐದನೇ ಕೋಣೆಯೇ ಬೇಕೆಂದು ಕಾಗದ ಬರೆದ. ಬಂದ. ಅದೇ ಭಾನುವಾರ ಅದೇ ಮೇಜಿಗೆ ಕುಳಿತು, ಬೀರಿನ ಲೋಟ ಮುಟ್ಟದೆ ತೊಲೆಯನ್ನೇ ನೋಡುತ್ತಿದ್ದ. ವರ್ಷವಿಡೀ ನಾನು ಆ ಪೊರಕೆ ಮುಟ್ಟಿರಲಿಲ್ಲ. ಕ್ಲೈವ್ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದ.

"ಹೋಗಿ ಬಡಿ."

"ನನ್ನ ಕೈಲಾಗಲ್ಲ ಕ್ಲೈವ್."

"ಅವನು ಬಂದಿರೋದೇ ಅದಕ್ಕೆ. ನೋಡು ಹೇಗೆ ಕಾಯ್ತಾ ಇದ್ದಾನೆ. ಹೆಸ್ಟರ್ ಕರ್ಕೊಂಡ್ಹೋದ್ಲು ಅಂತ ನಂಬಿ ಬದುಕಿದ್ದಾನೆ. ಸದ್ದೇ ಆಗ್ಲಿಲ್ಲ ಅಂದ್ರೆ ಅವನಿಗೆ ಉಳಿಯೋದೇನು?"

ಅವನ ಮಾತು ನನಗೆ ಸರಿ ಎನಿಸಿತು. ನಿಜ ಹೇಳಬೇಕೆಂದರೆ, ಸರಿ ಎನಿಸಲಿ ಎಂದು ನಾನೇ ಕಾಯುತ್ತಿದ್ದೆ. ಹಿಂದಿನ ಮೆಟ್ಟಿಲು ಹತ್ತಿ, ದುಪ್ಪಟಿ ಕೋಣೆಯ ಬಾಗಿಲು ಎಳೆದುಕೊಂಡು, ಪೊರಕೆ ತಿರುಗಿಸಿ ಹಿಡಿದೆ. ಮೂರು ಸಲ ಕುಟ್ಟಿದೆ.

ಕೆಳಗೆ ಎಲ್ಲರೂ ಕೂಗಿದರು. ಆ ಕೂಗಿನ ಅಡಿಯಲ್ಲಿ ಒಂದು ಕುರ್ಚಿ ಮಗುಚಿದ ಸದ್ದು ಕೇಳಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಎಪ್ಪತ್ತೆರಡರ ಮುದುಕ, ಮಂಡಿನೋವಿನವನು, ಎರಡೆರಡು ಮೆಟ್ಟಿಲು ಹತ್ತುತ್ತ ಓಡಿ ಬರುತ್ತಿದ್ದ. "ಬಂದೆ ಮ್ಯೂರಿಯಲ್, ಬಂದೆ, ಬಂದೆ ಕಣೇ," ಎನ್ನುತ್ತಿದ್ದ. ಐದನೇ ಕೋಣೆಯ ಬಾಗಿಲು ಗೋಡೆಗೆ ಅಪ್ಪಳಿಸಿತು. ಆಮೇಲೆ ಅವನ ಹೆಜ್ಜೆ ದುಪ್ಪಟಿ ಕೋಣೆಯ ಕಡೆ ತಿರುಗಿತು. ಅವನು ನನ್ನ ಬಾಗಿಲು ತೆರೆದ.

ಪೊರಕೆ ನೋಡಿದ. ನೆಲದ ಹಲಗೆ ನೋಡಿದ. ಅದರ ಮೇಲೆ ಎಷ್ಟೋ ವರ್ಷಗಳ ಗುಂಡನೆಯ ಗುರುತುಗಳಿದ್ದವು. ಏದುಸಿರು ಬಿಡುತ್ತಲೇ ಬಹಳ ಮೆಲ್ಲಗೆ ಕೇಳಿದ.

"ಅವತ್ತೂ ಬಡಿದದ್ದು ನಿಮ್ಮವರೇನಾ?"

ಅವನ ಕಣ್ಣುಗಳು ಬೇಡುತ್ತಿದ್ದವು. ಹೌದು ಎಂದರೆ ಅವನು ಬದುಕಿಕೊಂಡ. ಅವನು ಲೋಟ ಎತ್ತಿದ್ದು ಒಂದು ಪೊರಕೆಗೆ ಎಂದಾಗುತ್ತಿತ್ತು, ಸಾಯುತ್ತಿದ್ದ ಹೆಂಡತಿಗಲ್ಲ. ಇಷ್ಟು ವರ್ಷ ಸುಳ್ಳು ಬಡಿದ ನನಗೆ ಇದೊಂದು ಹೇಳುವುದು ಯಾವ ದೊಡ್ಡ ವಿಷಯ?

"ಹೌದು ಲೆನರ್ಡ್. ನಾವೇ. ಅವತ್ತು ಕ್ಲೈವ್ ಬಡಿದ."

"ಅವಳಲ್ಲ?"

"ಅಲ್ಲ. ಅವ್ರು ಆಗ್ಲೇ ಪ್ರಜ್ಞೆ ತಪ್ಪಿದ್ರೇನೋ. ಅವನು ಪಕ್ಕದಲ್ಲೇ ಇದ್ದ, ಅವನಿಗೇನೂ ಗೊತ್ತಾಗ್ಲಿಲ್ಲ. ನಮ್ಮನ್ನ ಕ್ಷಮಿಸಿ."

ಅವನು ಚೌಕಟ್ಟಿಗೆ ಒರಗಿದ. ಭುಜ ಸಡಿಲಾಯಿತು. ನನಗೂ ಎದೆಯಿಂದ ಏನೋ ಇಳಿದಂತಾಯಿತು. ಅವನು ಕಣ್ಣೊರೆಸಿಕೊಂಡು ತಲೆಯೆತ್ತಿದ.

"ಎಷ್ಟು ಸಲ ಬಡಿದ, ಅವತ್ತು?"

"ಮೂರು," ಎಂದೆ. "ಯಾವಾಗ್ಲೂ ಮೂರೇ."

ಅವನು ನನ್ನನ್ನು ನೋಡಿದ. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಅವತ್ತು ಹನ್ನೊಂದು ಬಡಿತ ಬಿತ್ತು, ಗ್ಲೆನಿಸ್," ಎಂದ. "ಒಂದೊಂದೂ ಎಣಿಸಿದೆ. ಮ್ಯೂರಿಯಲ್ ಕೆಳಗೆ ಬಂದ್ಮೇಲೆ ಅವಳಿಗೆ ಹೇಳೋಣ ಅಂತ."