ಜ್ಯೋತಿಯ ಎರಡನೇ ಕಾರ್ಡು

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಮಗಳು ಜ್ಯೋತಿ ತನಗೆ ಇನ್ನೊಂದು ಕ್ರೆಡಿಟ್ ಕಾರ್ಡು ಬೇಕು ಎಂದಳು. ಕಲಬುರಗಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುವ ಹುಡುಗಿ. ದುಡಿಮೆ ಇನ್ನೂ ಒಂದು ರೂಪಾಯಿಯೂ ಇಲ್ಲ. ನಾನು ಸೇಡಂ–ಚಿಂಚೋಳಿ ಬಸ್ಸಿನ ಕಂಡಕ್ಟರ್. ಹದಿನೆಂಟು ವರ್ಷ ಊರವರ ಚಿಲ್ಲರೆ ಎಣಿಸಿದ ನನ್ನ ಹತ್ತಿರವೇ ಒಂದು ಕಾರ್ಡೂ ಇಲ್ಲ.

"ಇದ್ದ ಕಾರ್ಡಿಗೆ ಏನಾಗ್ಯಾದ?" ಎಂದೆ.

"ತುಂಬ್ಯಾದ, ಮಮ್ಮಿ. ಪ್ರಾಜೆಕ್ಟಿಗೆ ಲ್ಯಾಪ್‌ಟಾಪ್ ಬೇಕು, ಇಪ್ಪತ್ತಾರು ಸಾವಿರ. ಕಾಲೇಜಿಗೆ ಬ್ಯಾಂಕಿನವರು ಬಂದಿದ್ರು. ಮೂವತ್ತು ಸಾವಿರ ಡಿಪಾಸಿಟ್ ಇಟ್ರ ಇನ್ನೊಂದು ಕಾರ್ಡ್ ಕೊಡ್ತಾರಂತ. ಮ್ಯಾಲೊಂದು ಬ್ಯಾಗ್ ಫ್ರೀ."

ಮೊದಲ ಕಾರ್ಡಿಗೂ ಹೀಗೆಯೇ ನಲವತ್ತೈದು ಸಾವಿರ ಇಟ್ಟಿದ್ದೆ. ಅದಕ್ಕೆ ನಲವತ್ತು ಸಾವಿರದ ಮಿತಿ. ಈಗ ಭಿಶಿಯ ಚೀಟಿ ಎತ್ತಿದ ಮೂವತ್ತು ಸಾವಿರ ಬಿಟ್ಟರೆ ಮನೆಯಲ್ಲಿ ಬೇರೆ ಗಂಟಿಲ್ಲ. ಅದನ್ನೂ ಇಟ್ಟರೆ, ನಾಳೆ ಯಾರಿಗಾದರೂ ಜ್ವರ ಬಂದರೆ ಆ ಫ್ರೀ ಬ್ಯಾಗನ್ನೇ ಅರೆದು ಕುಡಿಸಬೇಕು.

"ನಲವತ್ತು ಸಾವಿರ ಏನ್ ಮಾಡಿದಿ ಯವ್ವಾ?"

ಅವಳು ರೊಟ್ಟಿ ಮುರಿದಳು. ಉತ್ತರ ನನಗೂ ಅರ್ಧ ಗೊತ್ತಿತ್ತು.

ನಮ್ಮ ಕಡೆ ದೊಡ್ಡ ಪಾತ್ರೆ ಇದ್ದವರು ಕೇಳಿದವರಿಗೆಲ್ಲ ಕೊಡಬೇಕು. ಮದುವೆಗೆ ಹಂಡೆ ಒಯ್ದವರೂ ಅದನ್ನು ಬರಿದಾಗಿ ತಿರುಗಿಸುವುದಿಲ್ಲ. ತಳಕ್ಕೆ ಒಂದಿಷ್ಟು ಬುಂದಿಯೋ ಬೆಲ್ಲವೋ ಹಾಕಿ ಕೊಡುತ್ತಾರೆ, ಲೆಕ್ಕ ಮುಗಿಯಿತು. ಬಳಗದಲ್ಲಿ ಮೊದಲ ಕ್ರೆಡಿಟ್ ಕಾರ್ಡು ಬಂದಾಗ ನಾವೆಲ್ಲ ಅದನ್ನೂ ಹಂಡೆಯ ಸಾಲಿಗೇ ಸೇರಿಸಿಬಿಟ್ಟೆವು. ವಾಡಿಯ ನಮ್ಮಣ್ಣ ದೇವಿಂದ್ರಪ್ಪ ಅದನ್ನು ತರಿಸಿಕೊಂಡು ಚಿತ್ತಾಪುರದ ಅಂಗಡಿಯಲ್ಲಿ ಬಟ್ಟೆ ಒಗೆಯುವ ಮಷೀನು ಕೊಂಡ. ಕಾರ್ಡು ಅರ್ಧ ಕಿಲೊ ಪೇಢೆಯೊಡನೆ ಮರಳಿತು. ಚಿಂಚೋಳಿಯ ತಂಗಿ ಗುರುದೇವಿ ಮೊಬೈಲು ಕೊಂಡಳು. ಕಾರ್ಡಿನ ಜೊತೆ ಹನ್ನೆರಡು ಶೇಂಗಾ ಹೋಳಿಗೆ ಬಂದವು. ಒಯ್ದು ತರುವವಳು ನಾನೇ. ಪಿನ್ ನಂಬರನ್ನು ಹಳೆಯ ಟಿಕೆಟಿನ ಹಿಂದೆ ಬರೆದು, ಕಾರ್ಡಿಗೆ ಸುತ್ತಿ ಕೊಡುತ್ತಿದ್ದವಳೂ ನಾನೇ.

"ಮತ್ತ ಬಿಲ್ ಯಾರು ಕಟ್ಟಾಕತ್ತಾರ?"

"ನಾನs. ಪೂರಾ ಅಲ್ಲ, ಕಮ್ಮೀತ ಕಮ್ಮಿ ಎಷ್ಟು ಕಟ್ಟಬೇಕೋ ಅಷ್ಟು. ಮೆಸ್ಸಿನಾಗ ರಾತ್ರಿ ಊಟ ಬಿಟ್ಟೀನಿ."

ನನ್ನ ತಟ್ಟೆಯ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದೆ.

ಮರುದಿನ ಚಿಂಚೋಳಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ನಮ್ಮ ಡ್ರೈವರ್ ಅಮೀರ್ ಅಲಿಗೆ ಇದನ್ನೆಲ್ಲ ಹೇಳಿದೆ.

"ಅಕ್ಕಾ, ಇನ್ನೊಂದು ಬಸ್ ಬಿಟ್ರ ರಶ್ ಕಮ್ಮಿ ಆಗ್ತದೇನು?" ಎಂದ ಅವನು. "ಎರಡೂ ತುಂಬತಾವ. ಮನ್ಯಾಗ ಕುಂತವರೂ ಎದ್ದು ಬರ್ತಾರ."

"ಹಂಗಂದ್ರ ಬ್ಯಾಡ ಅಂತೀರಿ."

"ನಾ ಏನೂ ಅನ್ನಂಗಿಲ್ಲ. ಮೊದಲು ಒಳಗಿದ್ದವರನ್ನ ಇಳಸ್ರಿ."

ಅಲ್ಲಿಯೇ ನಿಂತು ಅಣ್ಣನಿಗೆ ಫೋನ್ ಮಾಡಿದೆ. ಮಷೀನಿನ ಬಿಲ್ಲು ಹದಿಮೂರು ಸಾವಿರದ ಇನ್ನೂರು ಎಂದದ್ದೇ ಅವನಿಗೆ ನಿಜಕ್ಕೂ ಆಶ್ಚರ್ಯ.

"ಅದಕ್ಕ ಬಿಲ್ ಬರ್ತದೇನು? ಕಾರ್ಡ್ ಫ್ರೀ ಅಂದಿದ್ರಲ್ಲ ಉಮಾ!"

"ಕಾರ್ಡ್ ಫ್ರೀ ಅಣ್ಣಾ, ಮಷೀನ್ ಅಲ್ಲ."

"ಅದಕ್ಕs ನೋಡು, ಕೊಡೋವಾಗ ಅಂಗಡಿಯವ ಅಷ್ಟು ನಕ್ಕಾನ," ಎಂದ. ಪಾಪ, ಸಂಜೆಯೊಳಗೆ ಹಣ ಹಾಕಿದ.

ಗುರುದೇವಿ ಹಾಗಲ್ಲ. ಮೊಬೈಲಿನದು ಒಂಬತ್ತು ಸಾವಿರದ ಆರುನೂರು ಎಂದಾಗ ಮನೆಯ ಟೀವಿ ಬಂದ್ ಮಾಡಿದಳು.

"ಅಕ್ಕಾ, ನಿನಗ ಬಾಯಿ ಹ್ಯಾಂಗ ಬಂತs? ಬಾಣಂತನಕ್ಕ ಮೂರು ತಿಂಗಳು ನಿನ್ನ ಹತ್ರ ಕುಂತವಳು ನಾನು."

"ಅದಕ್ಕೂ ಇದಕ್ಕೂ ಏನ್ ಸಂಬಂಧ? ಹುಡುಗಿ ಉಪಾಸ ಬಿದ್ದಾಳ, ಲ್ಯಾಪ್‌ಟಾಪ್ ಬೇಕಾಗ್ಯಾದ."

"ಇನ್ನೊಂದು ಕಾರ್ಡ್ ತಗೊಳ್ಳಲಿ! ಕೊಡ್ತೀನಂದವರಿಗೆ ಬ್ಯಾಡ ಅಂತಾರೇನು?"

ಫೋನ್ ಇಟ್ಟಳು. ಸಿಟ್ಟಿನಲ್ಲಿ ನಾನು ಜ್ಯೋತಿಗೆ ಫೋನ್ ಹಚ್ಚಿ, ಕಾರ್ಡಿನ ಪೂರ್ತಿ ಲೆಕ್ಕ ಕಳಿಸು, ಒಬ್ಬೊಬ್ಬರ ಮನೆ ಮುಂದೆ ಓದಿ ಹೇಳುತ್ತೇನೆ ಎಂದೆ. ಕಳಿಸಿದಳು. ಪುಸ್ತಕ, ಕ್ಯಾಲ್ಕುಲೇಟರ್ ಎಂದು ಅವಳ ಸ್ವಂತದ್ದು ಆರುನೂರ ನಲವತ್ತು. ಮೇಲುಗಡೆ, ಎಲ್ಲಕ್ಕಿಂತ ದೊಡ್ಡದು: ಶಹಾಬಾದ್, ಹದಿನೈದು ಸಾವಿರದ ನಾಲ್ಕುನೂರು.

"ಈ ಶಹಾಬಾದಿನವರು ಯಾರ್ ಯವ್ವಾ? ಅಲ್ಲಿ ನಮ್ಮವರs ಇಲ್ಲ."

"ಮಮ್ಮಿ, ಅದು ನಮ್ಮ ಫ್ರಿಜ್."

ಬಸ್ಸು ಹೊರಡುವ ಹೊತ್ತಾಗಿತ್ತು. ನಾನು ಸೀಟಿ ಊದಲಿಲ್ಲ. ಅಮೀರ್ ಅಲಿ ಎರಡು ಸಲ ಹಾರನ್ ಹೊಡೆದ. ಮನೆಗೆ ಬಂದ ವಸ್ತು ಸಾಲ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಆ ಫ್ರಿಜ್ಜಿನಲ್ಲಿ ಎಂಟು ತಿಂಗಳಿಂದ ಹಾಲು, ಮೊಸರು, ಕೊತ್ತಂಬರಿ ತಣ್ಣಗಿವೆ. ಮಗಳು ಹಸಿದು ಮಲಗುತ್ತಿದ್ದಾಳೆ.

ಮಂಗಳವಾರ ರಜೆ ಹಾಕಿ, ಭಿಶಿಯ ಹಣದಿಂದ ಫ್ರಿಜ್ಜಿನ ಬಾಕಿಯನ್ನು ಬಡ್ಡಿಯ ಸಮೇತ ಕಟ್ಟಿದೆ. ಬ್ಯಾಂಕಿನಿಂದ ಮನೆಗೆ ಬಂದರೆ ಬಾಗಿಲಲ್ಲಿ ಅಯ್ಯಪ್ಪ, ಜ್ಯೋತಿಯ ಕಾಲೇಜಿಗೆ ಹೋಗಿದ್ದ ಕಾರ್ಡಿನ ಹುಡುಗ, ಒಂದು ಕೈಯಲ್ಲಿ ಅರ್ಜಿ, ಇನ್ನೊಂದರಲ್ಲಿ ಬ್ಯಾಗು ಹಿಡಿದು ನಿಂತಿದ್ದ.

"ಮೇಡಂ, ನಿಮ್ಮದು ಒಂದs ಸಹಿ. ಈ ತಿಂಗಳು ಇನ್ನ ನಾಲ್ಕು ಕಾರ್ಡ್ ಆಗಬೇಕ್ರಿ ನಂದು."

"ನನ್ನ ಮಗಳಿಗೆ ಬ್ಯಾಡಪ್ಪ. ಚಿಂಚೋಳ್ಯಾಗ ನಮ್ಮ ತಂಗಿ ಅದಾಳ, ಕಾರ್ಡ್ ಅಂದ್ರ ಭಾಳ ಖುಷಿ. ನಂಬರ್ ಬರ್ಕೋ."

ಅವನು ಬ್ಯಾಗನ್ನೂ ಹೊತ್ತುಕೊಂಡು ಮಧ್ಯಾಹ್ನದ ಬಸ್ಸಿಗೇ ಹೋದ. ಸಂಜೆ ಐದಕ್ಕೆ ಗುರುದೇವಿಯ ಫೋನು.

"ಅಕ್ಕಾ, ಯಾವನ್ನ ಕಳಿಸೀದಿ? ನನ್ನ ರೊಕ್ಕ ಅವರ ಹತ್ರ ಇಡಬೇಕಂತ, ಆಮ್ಯಾಲ ಅವರು ನನಗ ಸಾಲ ಕೊಡ್ತಾರಂತ! ನನ್ನ ರೊಕ್ಕಕ್ಕ ನಾನs ಬಡ್ಡಿ ಕಟ್ಟಲೇನು? ನಾ ಏನು ಹುಚ್ಚಿ ಇದ್ದೀನೇನು?"

"ನೀ ಒಯ್ದ ಕಾರ್ಡಿಗೆ ನಿಮ್ಮಕ್ಕ ಹಂಗs ಇಟ್ಟಾಳ, ಗುರು."



"ಮೊದಲs ಹೇಳಬಾರದಾ?" ಎಂದಳು, ಸಣ್ಣ ದನಿಯಲ್ಲಿ. ಹಣ ರಾತ್ರಿಯೊಳಗೆ ಬಂತು. ಜೊತೆಗೆ, ಮುಂದಿನ ಹಬ್ಬದವರೆಗೆ ನನ್ನ ಜೊತೆ ಮಾತು ಬಿಟ್ಟಿರುವುದಾಗಿ ಒಂದು ವಾಯ್ಸ್ ಮೆಸೇಜು, ನಾಲ್ಕು ನಿಮಿಷದ್ದು.

ಶುಕ್ರವಾರ ಜ್ಯೋತಿ ಇದ್ದ ಕಾರ್ಡಿನಲ್ಲೇ ಲ್ಯಾಪ್‌ಟಾಪ್ ಕೊಂಡಳು. ಬಿಲ್ಲು ಬರುವ ತಾರೀಖು ಕೇಳಿಕೊಂಡೆ. ಅರ್ಧ ಭಿಶಿಯಲ್ಲಿ ಉಳಿದದ್ದರಿಂದ, ಅರ್ಧ ನನ್ನ ಪಗಾರದಿಂದ ಕಟ್ಟಬೇಕು. ಮೆಸ್ಸಿಗೆ ಬೇರೆ ಕೊಟ್ಟೆ.

ಭಾನುವಾರ ಅವಳು ಊರಿಗೆ ಬಂದಾಗ, ಇಬ್ಬರೂ ಉಣ್ಣುತ್ತಿದ್ದಂತೆ ಅವಳಿಗೆ ಅಣ್ಣನ ಫೋನು ಬಂತು. ಬೇಸಿಗೆ ಬಂತಲ್ಲ, ಚಿತ್ತಾಪುರದಲ್ಲಿ ಕೂಲರ್ ಅಗ್ಗಕ್ಕೆ ಬಂದಿದೆಯಂತೆ, ಕಾರ್ಡು ಬೇಕಂತೆ. ಈ ಸಲ ಬಿಲ್ಲು ಬರುವುದು ತನಗೆ ಗೊತ್ತಂತೆ. ಜ್ಯೋತಿ ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮುಖ ನೋಡಿದಳು. 'ಕೊಡು, ನಮ್ಮವರೇ ಅಲ್ಲವಾ' ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು. ದೊಡ್ಡದೊಂದು ರೊಟ್ಟಿಯ ತುಂಡನ್ನು ಬಾಯಿಗೆ ತುರುಕಿಕೊಂಡೆ.

"ಇಲ್ಲ ಮಾಮಾ," ಎಂದಳು ನನ್ನ ಮಗಳು. "ಕೊಡಂಗಿಲ್ರಿ."